ಊದುವ ಆಟ, ಉಸಿರಿನ ಪಾಠ



ಈ ವಾರದ ಮಾತಿನ ವಿಷಯ ಉಸಿರಾಟ. ಈ ಪಾಠವನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಶ್ವಾಸನಾಳ, ಶ್ವಾಸಕೋಶ, ಗಾಳಿಗೂಡು, ವಪೆ ಎಂದು ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿ ಅಂಕವನ್ನೂ ಗಳಿಸಿದ್ದೀರಿ. ಅದೇ ಚಿತ್ರವನ್ನು ಇಂದು ಪರೀಕ್ಷೆಗಾಗಿ ಅಲ್ಲ, ಒಂದು ಮಗುವಿಗಾಗಿ ಮತ್ತೊಮ್ಮೆ ತೆರೆಯೋಣ.

ಆ ಮಗು ನಿಮ್ಮ ಓಣಿಯಲ್ಲೇ ಇರಬಹುದು. ವಯಸ್ಸು ಎಂಟೋ ಒಂಬತ್ತೋ ಆಗಿದೆ. ಆದರೂ ತಾನಾಗಿ ಕೂರಲಾರದು. ಕೈಕಾಲು ಬಿಗಿದುಕೊಂಡಿರುತ್ತವೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ನಾಲಿಗೆ ಹೊರಳುವುದಿಲ್ಲ. ಮನೆಯವರಿಗೆ ಕೈಕಾಲಿನ ಚಿಂತೆ ಇದ್ದೇ ಇದೆ. ಅದರ ಜೊತೆಗೆ ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ಇನ್ನೊಂದು ಚಿಂತೆ ಬರುತ್ತದೆ. ನಮ್ಮ ಧಾರವಾಡದ ಕಡೆಯ ತಾಯಂದಿರು ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಎದ್ಯಾಗ ಕಫ ಕಟ್ಟೇತ್ರಿ, ಕೆಮ್ಮಾಕ ಬರವಲ್ದು."

ಕೆಮ್ಮಲು ಬರುವುದಿಲ್ಲ ಎಂಬ ಈ ಮಾತಿನಲ್ಲಿ ಇಂದಿನ ಪಾಠವೆಲ್ಲ ಅಡಗಿದೆ. ಕೆಮ್ಮು ಒಂದು ರೋಗ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಕೆಮ್ಮು ಒಂದು ಶಕ್ತಿ. ಆ ಶಕ್ತಿ ಇಲ್ಲದ ಮಗುವಿಗೆ ಸಾಮಾನ್ಯ ನೆಗಡಿಯೂ ನ್ಯುಮೋನಿಯಾಕ್ಕೆ ದಾರಿಯಾಗಬಹುದು.

ಈ ಸ್ಥಿತಿಗೆ ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಎಂದು ಬರೆಯುವುದುಂಟು. ಮೆದುಳು ಇನ್ನೂ ಬೆಳೆಯುತ್ತಿರುವಾಗಲೇ, ಎಂದರೆ ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ, ಚಲನೆಯನ್ನು ಆಳುವ ಭಾಗಕ್ಕೆ ಪೆಟ್ಟು ಬಿದ್ದರೆ ಈ ಸ್ಥಿತಿ ಉಂಟಾಗುತ್ತದೆ. ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟಿದಾಗ ಆಮ್ಲಜನಕದ ಕೊರತೆ, ಎಳೆ ಕೂಸಿನ ತೀವ್ರ ಕಾಮಾಲೆ, ಮೆದುಳು ಪೊರೆಯ ಸೋಂಕು ಮುಂತಾದವು ಕಾರಣಗಳು. ಎಷ್ಟೋ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಇದು ಅಂಟುರೋಗವಲ್ಲ. ತಾಯಿ ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ, ಯಾರ ಪಾಪದ ಫಲವೂ ಅಲ್ಲ.

ವಿಲಿಯಂ ಜಾನ್ ಲಿಟಲ್ ಎಂಬ ಲಂಡನ್ನಿನ ಮೂಳೆ ಶಸ್ತ್ರವೈದ್ಯರು 1861ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಒಂದು ಪ್ರಬಂಧ ಓದಿದರು. ಕಷ್ಟದ ಹೆರಿಗೆಗೂ ಮಕ್ಕಳ ಬಿಗಿದ ಕೈಕಾಲುಗಳಿಗೂ ಇರುವ ಸಂಬಂಧವನ್ನು ಅವರು ಅದರಲ್ಲಿ ವಿವರಿಸಿದ್ದರು. ಬಹಳ ಕಾಲ ಇದಕ್ಕೆ ಲಿಟಲ್ ಕಾಯಿಲೆ ಎಂಬ ಹೆಸರೇ ಇತ್ತು. ಸ್ವತಃ ಲಿಟಲ್ ಅವರಿಗೂ ಒಂದು ಪಾದ ಸೊಟ್ಟಗಿತ್ತು ಎಂಬುದು ನೆನಪಿಡಬೇಕಾದ ಸಂಗತಿ. ನಮ್ಮ ದೇಶದಲ್ಲಿ ಮಿತು ಅಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿಸಿದರು. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂಥ ಮಕ್ಕಳ ಚಿಕಿತ್ಸೆ ಮತ್ತು ಶಿಕ್ಷಣದ ಕೆಲಸ ಮಾಡುತ್ತ ಬಂದಿದೆ.

ಇಲ್ಲಿ ಒಂದು ಮುಖ್ಯ ಮಾತು. ಮೆದುಳಿಗಾದ ಪೆಟ್ಟು ಬೆಳೆಯುತ್ತ ಹೋಗುವಂಥದಲ್ಲ. ಆದದ್ದು ಅಷ್ಟೇ. ಆದರೆ ಆ ಪೆಟ್ಟಿನ ಪರಿಣಾಮ ದೇಹದ ಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಬಹುದು. ಬಳಸದ ಸ್ನಾಯು ಸೊರಗುತ್ತದೆ, ಬಿಗಿದ ಕೀಲು ಇನ್ನಷ್ಟು ಬಿಗಿಯುತ್ತದೆ, ಬೆನ್ನು ಡೊಂಕಾಗುತ್ತದೆ. ಕೈಕಾಲು ಸೊರಗಿದ್ದು ಕಣ್ಣಿಗೆ ಕಾಣುತ್ತದೆ. ಎದೆ ಸೊರಗಿದ್ದು ಅಂಗಿಯ ಒಳಗೇ ಉಳಿಯುತ್ತದೆ. ತೀವ್ರ ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸಾವಿಗೆ ಅತಿ ಹೆಚ್ಚು ಕಾರಣವಾಗುವುದು ಉಸಿರಾಟದ ತೊಂದರೆಗಳೇ ಎಂದು ಅನೇಕ ದೇಶಗಳ ದಾಖಲೆಗಳು ಹೇಳುತ್ತವೆ. ಆದ್ದರಿಂದ ಕೈಕಾಲಿಗೆ ಕೊಡುವಷ್ಟೇ ಗಮನವನ್ನು ಎದೆಗೂ ಕೊಡಬೇಕು.

ಎದೆಯೊಳಗೆ ಏನಾಗುತ್ತದೆ?

ಒಂದು ಸಣ್ಣ ಪ್ರಯೋಗ ಮಾಡಿ. ಕುರ್ಚಿಯ ಮೇಲೆ ಪೂರ್ತಿ ಕುಸಿದು ಕುಳಿತುಕೊಳ್ಳಿ. ಬೆನ್ನು ಬಾಗಿರಲಿ, ಗದ್ದ ಎದೆಗೆ ತಾಗಿರಲಿ. ಈಗ ದೀರ್ಘವಾಗಿ ಉಸಿರು ಎಳೆದು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿ. ಎಲ್ಲಿಗೆ ನಿಂತಿತೆಂದು ಬರೆದುಕೊಳ್ಳಿ. ಒಂದು ನಿಮಿಷ ಬಿಟ್ಟು ನೆಟ್ಟಗೆ ಕುಳಿತು ಅದನ್ನೇ ಮಾಡಿ. ಎರಡನೇ ಸಲ ಎಣಿಕೆ ಮುಂದೆ ಹೋಗುವುದನ್ನು ನಿಮ್ಮಲ್ಲಿ ಹೆಚ್ಚಿನವರು ಕಾಣುತ್ತೀರಿ. ಶ್ವಾಸಕೋಶ ಅದೇ, ಸ್ನಾಯುಗಳೂ ಅವೇ. ಬದಲಾದದ್ದು ಕೂತ ಭಂಗಿ ಮಾತ್ರ. ಹಗಲೂ ರಾತ್ರಿ ಬಾಗಿದ ಭಂಗಿಯಲ್ಲೇ ಇರುವ ಮಗುವಿನ ಉಸಿರು ಎಷ್ಟರಮಟ್ಟಿಗೆ ಕುಗ್ಗಿರಬಹುದು, ಊಹಿಸಿ.

ಕಾರಣವನ್ನು ನೋಡೋಣ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತಿರುವ ವಪೆ ಕೆಳಗಿಳಿದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಪಕ್ಕೆಗಳನ್ನು ಮೇಲಕ್ಕೂ ಹೊರಕ್ಕೂ ಎತ್ತಿದಾಗ ಎದೆಗೂಡಿನ ಗಾತ್ರ ಹೆಚ್ಚುತ್ತದೆ. ಆಗ ಒಳಗಿನ ಒತ್ತಡ ಕಡಿಮೆಯಾಗಿ ಗಾಳಿ ನುಗ್ಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಪೂರ್ತಿ ಎಳೆದು ಪೂರ್ತಿ ಬಿಟ್ಟರೆ ಹೊರಬರುವುದು ಮೂರರಿಂದ ಐದು ಲೀಟರ್. ಇದಕ್ಕೆ ವೈಟಲ್ ಕೆಪ್ಯಾಸಿಟಿ ಎಂದು ಹೆಸರು. ಅದನ್ನು ಅಳೆಯುವ ಸ್ಪೈರೋಮೀಟರ್ ಉಪಕರಣವನ್ನು ರೂಪಿಸಿ, 1846ರಲ್ಲಿ ಎರಡು ಸಾವಿರಕ್ಕೂ ಮೀರಿದ ಜನರ ಅಳತೆಗಳನ್ನು ಪ್ರಕಟಿಸಿದವರು ಇಂಗ್ಲೆಂಡಿನ ಜಾನ್ ಹಚಿನ್‌ಸನ್.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಶ್ವಾಸಕೋಶ ಹುಟ್ಟುವಾಗ ಹಲವು ಸಲ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಅದನ್ನು ಹಿಗ್ಗಿಸುವ ಯಂತ್ರದಲ್ಲಿ. ವಪೆ, ಪಕ್ಕೆ, ಹೊಟ್ಟೆ, ಬೆನ್ನು ಈ ಎಲ್ಲ ಸ್ನಾಯುಗಳಿಗೂ ಮೆದುಳಿನಿಂದ ಬರುವ ಆಜ್ಞೆ ಏರುಪೇರಾಗಿರುತ್ತದೆ. ಕೆಲವು ಬಿಗಿಯುತ್ತವೆ, ಕೆಲವು ಸಡಿಲ ಬೀಳುತ್ತವೆ, ಒಂದರ ಹಿಂದೆ ಒಂದು ಬರಬೇಕಾದದ್ದು ಒಟ್ಟಿಗೇ ಬರುತ್ತದೆ. ಹೀಗಾಗಿ ಉಸಿರು ಆಳವಾಗಿರದೆ ಚಿಕ್ಕದಾಗಿ, ಬೇಗ ಬೇಗ ಸಾಗುತ್ತದೆ.

ಇನ್ನೊಂದು ಕುತೂಹಲದ ಸಂಗತಿ ಇದೆ. ಹಸುಗೂಸಿನ ಪಕ್ಕೆಲುಬುಗಳು ಹೆಚ್ಚು ಕಡಿಮೆ ಅಡ್ಡವಾಗಿರುತ್ತವೆ. ಮಗು ಕೂರಲು, ನಿಲ್ಲಲು ಕಲಿತಂತೆ ಭೂಮಿಯ ಸೆಳೆತವೂ ಹೊಟ್ಟೆಯ ಸ್ನಾಯುಗಳೂ ಸೇರಿ ಅವನ್ನು ಕೆಳಮುಖವಾಗಿ ಓರೆ ಮಾಡುತ್ತವೆ. ಓರೆ ಇರುವ ಪಕ್ಕೆಗೆ ಮಾತ್ರ ಮೇಲೇಳಲು ಅವಕಾಶ. ಸದಾ ಅಂಗಾತ ಮಲಗಿಯೇ ಇರುವ ಮಗುವಿನಲ್ಲಿ ಈ ಬದಲಾವಣೆ ಸರಿಯಾಗಿ ಆಗುವುದಿಲ್ಲ. ಎದೆ ಚಪ್ಪಟೆಯಾಗಿ, ಗಡುಸಾಗಿ ಉಳಿಯುತ್ತದೆ. ಹಿಗ್ಗದ ಮೂಲೆಗಳಲ್ಲಿ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ, ಅಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ರೋಗಾಣು ಬೆಳೆಯುತ್ತದೆ.

ಇನ್ನು ಕೆಮ್ಮಿನ ಮಾತು. ಕೆಮ್ಮಿಗೆ ಮೂರು ಹಂತ. ಮೊದಲು ಆಳವಾಗಿ ಉಸಿರು ಎಳೆಯಬೇಕು. ಆಮೇಲೆ ಗಂಟಲಿನ ಧ್ವನಿತಂತುಗಳು ಬಾಗಿಲು ಹಾಕಿದಂತೆ ಮುಚ್ಚಿ ಒಳಗೆ ಒತ್ತಡ ಹೆಚ್ಚಿಸಬೇಕು. ಕೊನೆಗೆ ಹೊಟ್ಟೆಯ ಸ್ನಾಯುಗಳು ಜೋರಾಗಿ ಒತ್ತಿದಾಗ ಬಾಗಿಲು ಒಮ್ಮೆಗೇ ತೆರೆದು ಗಾಳಿ ಕಫವನ್ನು ಹೊತ್ತು ಹೊರಬರಬೇಕು. ನಮ್ಮ ಮಗುವಿಗೆ ಈ ಮೂರೂ ಕಷ್ಟ. ಇದರ ಮೇಲೆ ನುಂಗುವುದರಲ್ಲೂ ತೊಡಕಿದ್ದರೆ ಊಟದ ತುಣುಕು, ನೀರು, ಜೊಲ್ಲು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತವೆ. ಮತ್ತೆ ಮತ್ತೆ ಬರುವ ನ್ಯುಮೋನಿಯಾದ ಹಿಂದೆ ಹಲವು ಸಲ ಇರುವುದು ಇದೇ.

ಜಾತ್ರೆಯ ಅಂಗಡಿಯಲ್ಲಿ ಸಿಗುವ ಸಲಕರಣೆ

ನವಲಗುಂದ ತಾಲ್ಲೂಕಿನ ಯಮನೂರಿನ ಹೆಸರನ್ನು ನೀವು ಕೇಳಿರಬಹುದು. ಎರೆಭೂಮಿಯ ನಡುವೆ ಬೆಣ್ಣೆಹಳ್ಳದ ಬಳಿ ಇರುವ ಊರು. ಅಲ್ಲಿಯ ರಾಜಾಬಾಗಸವಾರ ದರ್ಗಾಕ್ಕೆ ಹಿಂದೂ ಮುಸ್ಲಿಮರೆನ್ನದೆ ಜನ ಬರುತ್ತಾರೆ. ಚಾಂಗದೇವ ಎಂದು ನಡೆದುಕೊಳ್ಳುವವರೂ ಅಲ್ಲಿಗೇ ಬರುತ್ತಾರೆ. ಹರಕೆ ಹೊತ್ತವರು ಹಳ್ಳದಲ್ಲಿ ಸ್ನಾನ ಮಾಡುತ್ತಾರೆ. ನಡೆಯಲಾರದ ಮಗುವನ್ನು ಹೆಗಲ ಮೇಲೆ ಹೊತ್ತು ದೇವರ ಬಳಿಗೆ ಬರುವ ತಾಯಿ ತಂದೆ ನಮ್ಮ ನಾಡಿನ ಯಾವ ಜಾತ್ರೆಗೂ ಹೊಸಬರಲ್ಲ. ಅವರ ನಂಬಿಕೆಯನ್ನು ಹಂಗಿಸುವುದು ನಮ್ಮ ಕೆಲಸವಲ್ಲ. ಹರಕೆ ತೀರಿಸಿ ಮರಳುವಾಗ ಅವರು ಆಟಿಕೆಯ ಅಂಗಡಿಯ ಮುಂದೆ ನಿಂತರೆ ಏನೇನು ಕೊಳ್ಳಬಹುದು ಎಂಬುದನ್ನು ಮಾತ್ರ ನೋಡೋಣ.

ಪೀಪಿ, ಸೀಟಿ, ಕಾಗದದ ಗಿರಗಿಟ್ಲೆ, ಸಾಬೂನು ನೀರಿನ ಗುಳ್ಳೆ ಬಿಡುವ ಡಬ್ಬಿ. ಇವೆಲ್ಲ ಆಟದ ಸಾಮಾನುಗಳು. ಆದರೆ ಭೌತಚಿಕಿತ್ಸಕರ, ಎಂದರೆ ಫಿಜಿಯೋಥೆರಪಿಸ್ಟರ, ಕೋಣೆಯಲ್ಲೂ ಇಂಥವೇ ಇರುತ್ತವೆ. "ದೀರ್ಘವಾಗಿ ಉಸಿರು ಬಿಡು" ಎಂದರೆ ಮಗುವಿಗೆ ಬೇಸರ. ಗಿರಗಿಟ್ಲೆ ತಿರುಗಿಸು ಎಂದರೆ ಹಬ್ಬ. ಕೆಲಸ ಒಂದೇ.

ಈ ವ್ಯಾಯಾಮಗಳನ್ನು ಪರದೆಯ ಮೇಲೆ ನೋಡುವಾಗ ಚಿತ್ರ ಬಂದು ಹೋಗುತ್ತದೆ. ಈ ಪುಟ ಕೈಯಲ್ಲಿ ಉಳಿಯುವುದರಿಂದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಒಂದು ಷರತ್ತು ಮೊದಲೇ ಇರಲಿ. ಇವನ್ನು ಆರಂಭಿಸುವ ಮುನ್ನ ಮಗುವನ್ನು ವೈದ್ಯರೂ ಭೌತಚಿಕಿತ್ಸಕರೂ ಒಮ್ಮೆ ನೋಡಿರಬೇಕು. ಯಾವ ಮಗುವಿಗೆ ಯಾವುದು ತಕ್ಕದ್ದು ಎಂದು ಆರಿಸುವವರು ಅವರು. ದಿನವೂ ಮಾಡಿಸುವವರು ಮನೆಯವರು ಮತ್ತು ನೀವು.

ಒಂದು, ಕೂರಿಸುವುದು. ಎಲ್ಲಕ್ಕೂ ಇದೇ ಬುನಾದಿ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮಗುವನ್ನು ಕೂರಿಸಿ, ಎರಡೂ ಪಕ್ಕಕ್ಕೆ ಸುತ್ತಿದ ಕೌದಿಯ ಆಸರೆ ಕೊಡಿ. ಮೊಣಕಾಲ ಕೆಳಗೂ ಒಂದು ಸುರುಳಿ ಇಟ್ಟರೆ ಸೊಂಟ ಜಾರುವುದಿಲ್ಲ. ತಲೆ ನೆಟ್ಟಗಿರಲಿ, ಗದ್ದ ಮೇಲಕ್ಕೆ ಚಾಚಿರಬಾರದು. ಚಿಕಿತ್ಸಾ ಕೇಂದ್ರಗಳಲ್ಲಿ ಇದೇ ತತ್ವದ ಮೂಲೆ ಕುರ್ಚಿ ಇರುತ್ತದೆ. ಊರಿನ ಬಡಿಗರು ಅಳತೆ ಕೊಟ್ಟರೆ ಮಾಡಿಕೊಡಬಲ್ಲರು. ಕೂರಲು ಸಾಧ್ಯವೇ ಇಲ್ಲದ ಮಗುವನ್ನು ಒಂದೇ ಮಗ್ಗುಲಲ್ಲಿ ಬಿಡದೆ, ಹಗಲು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು. ಮೇಲಿರುವ ಪಕ್ಕೆಗೆ ಹಿಗ್ಗಲು ಅವಕಾಶ ಸಿಗುತ್ತದೆ, ಕಫ ಒಂದೇ ಕಡೆ ನಿಲ್ಲುವುದಿಲ್ಲ.

ಎರಡು, ಹೊಟ್ಟೆಯ ಉಸಿರು. ಮಗುವನ್ನು ತಲೆ ಸ್ವಲ್ಪ ಎತ್ತರವಾಗಿ ಮಲಗಿಸಿ, ಅದರ ಹೊಟ್ಟೆಯ ಮೇಲೆ ಒಂದು ಹಗುರ ಬಟ್ಟೆಯ ಗೊಂಬೆ ಇಡಿ. ಉಸಿರು ಎಳೆದಾಗ ಗೊಂಬೆ ಏರಬೇಕು, ಬಿಟ್ಟಾಗ ಇಳಿಯಬೇಕು. ಗೊಂಬೆಯನ್ನು ಜೋಕಾಲಿ ಆಡಿಸುವ ಆಟ ಎಂದು ಹೇಳಿ. ನಾಲ್ಕೈದು ಸಲ ಸಾಕು. ವಪೆಯ ಚಲನೆ ಕಣ್ಣಿಗೆ ಕಾಣುವಂತೆ ಮಾಡುವುದು ಈ ಆಟದ ಉಪಾಯ.

ಮೂರು, ಊದುವುದು. ಮೇಜಿನ ಮೇಲೆ ಚಿಟಿಕೆಯಷ್ಟು ಅರಳೆ ಇಟ್ಟು ಆಚೆ ಬದಿಗೆ ಊದಿಸಿ. ಮೊದಲ ದಿನ ಒಂದು ಗೇಣು, ವಾರದ ಮೇಲೆ ಎರಡು ಗೇಣು. ಅರಳೆ ಬಾಯಿಗೆ ಹತ್ತಿರ ಇರಬಾರದು, ಊದುವ ಬದಲು ಎಳೆದುಕೊಂಡರೆ ಗಂಟಲಿಗೆ ಹೋದೀತು. ಗಿರಗಿಟ್ಲೆ, ಸಾಬೂನು ಗುಳ್ಳೆ, ಪೀಪಿ ಇವೂ ಇದೇ ವರ್ಗ. ಸಾಬೂನು ಗುಳ್ಳೆಯಲ್ಲಿ ಒಂದು ವಿಶೇಷವಿದೆ. ಜೋರಾಗಿ ಊದಿದರೆ ಅದು ಒಡೆಯುತ್ತದೆ, ಮೆಲ್ಲಗೆ ದೀರ್ಘವಾಗಿ ಊದಿದರೆ ಮಾತ್ರ ಬೆಳೆಯುತ್ತದೆ. ಉಸಿರನ್ನು ಹಿಡಿತದಲ್ಲಿ ಬಿಡುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಲಕರಣೆ ಇಲ್ಲವೆಂದೇ ಹೇಳಬಹುದು. ಬಲೂನನ್ನು ಮಾತ್ರ ದೂರ ಇಡಿ. ಒಡೆದ ಬಲೂನಿನ ತುಣುಕು ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ.

ನಾಲ್ಕು, ನೀರಿನಲ್ಲಿ ಗುಳ್ಳೆ. ಒಂದು ಬಾಟಲಿಯಲ್ಲಿ ಸುಮಾರು ಒಂದು ಗೇಣಿಗಿಂತ ಕಡಿಮೆ ನೀರು ಹಾಕಿ, ಅದರಲ್ಲಿ ಇಳಿಬಿಟ್ಟ ಕೊಳವೆಯ ಮೂಲಕ ಊದುವ ಆಟ. ಇದರ ಭೌತಶಾಸ್ತ್ರ ನಿಮಗೆ ಗೊತ್ತು. ಕೊಳವೆಯ ತುದಿ 10 ಸೆಂಟಿಮೀಟರ್ ಆಳದಲ್ಲಿದ್ದರೆ, ಗುಳ್ಳೆ ಹೊರಡಲು ಅಷ್ಟು ನೀರಿನ ಒತ್ತಡವನ್ನು ಉಸಿರು ಮೀರಬೇಕು. ಆ ಎದುರೊತ್ತಡ ಸಣ್ಣ ಶ್ವಾಸನಾಳಗಳನ್ನು ಉಸಿರು ಬಿಡುವಾಗಲೂ ತೆರೆದಿಡುತ್ತದೆ. ಗುಳ್ಳೆಗಳ ಕಂಪನ ಕಫವನ್ನು ಸಡಿಲಿಸುತ್ತದೆ. ನುಂಗುವ ತೊಂದರೆ ಇರುವ ಮಗುವಿಗೆ ಮತ್ತು ಊದು ಎಂದರೆ ಹೀರುವ ಮಗುವಿಗೆ ಇದು ಬೇಡ. ಬಾಟಲಿ, ಕೊಳವೆಗಳನ್ನು ದಿನವೂ ತೊಳೆದು, ನೀರು ಬದಲಿಸಬೇಕು.

ಐದು, ಎಳೆಯುವುದು. ಊದುವ ಆಟಗಳಿಂದ ಹೊರಬಿಡುವ ಸ್ನಾಯುಗಳಿಗೆ ಹೆಚ್ಚು ಕೆಲಸ. ಒಳಗೆಳೆಯುವ ಸ್ನಾಯುಗಳಿಗೆ ಬೇರೆ ಅಭ್ಯಾಸ ಬೇಕು. ಔಷಧ ಅಂಗಡಿಗಳಲ್ಲಿ ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಉಪಕರಣ ಸಿಗುತ್ತದೆ. ಹೆಸರು ಇನ್ಸೆಂಟಿವ್ ಸ್ಪೈರೋಮೀಟರ್. ಬಾಯಿಗಿಟ್ಟು ಉಸಿರು ಎಳೆದಾಗ ವೇಗಕ್ಕೆ ತಕ್ಕಂತೆ ಚೆಂಡು ಏರುತ್ತದೆ. ಸಾಮಾನ್ಯವಾಗಿ ಸಿಗುವುದರಲ್ಲಿ ಸೆಕೆಂಡಿಗೆ 600 ಮಿಲಿಲೀಟರಿಗೆ ಮೊದಲನೆಯದು, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು. ಇದರೊಳಕ್ಕೆ ಊದುವವರೇ ಬಹಳ. ಊದಬಾರದು, ಎಳೆಯಬೇಕು. ಮೂರೂ ಚೆಂಡು ಒಮ್ಮೆಗೇ ಹಾರಿಸುವುದು ದೊಡ್ಡದಲ್ಲ. ಒಂದನ್ನೇ ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸುವುದು ಹೆಚ್ಚು ಉಪಯುಕ್ತ. ಉಪಕರಣ ಇಲ್ಲದಿದ್ದರೆ ಹೂವಿನ ವಾಸನೆ ನೋಡುವ ಆಟವಿದೆ. ಮಲ್ಲಿಗೆಯ ಹೂವನ್ನು ಮೂಗಿನ ಬಳಿ ಹಿಡಿದು, ನಿಧಾನವಾಗಿ ಮೂಸಿಸಿ, ಒಂದು ಕ್ಷಣ ತಡೆದು, ಬಾಯಿಯಿಂದ ಬಿಡಿಸಿ.

ಆರು, ಹಾಡು ಮತ್ತು ಎಣಿಕೆ. ಒಂದೇ ಉಸಿರಿನಲ್ಲಿ "ಆ" ಎಂದು ಎಳೆಯುವುದು, ಅಂಕಿ ಹೇಳುವುದು, ಶಾಲೆಯ ಪದ್ಯವನ್ನು ಜೊತೆಗೆ ಹಾಡುವುದು. ಮಾತು ಎಂದರೆ ಹೊರಬರುವ ಉಸಿರೇ. ಉಸಿರು ಉದ್ದವಾದರೆ ಮಾತೂ ಉದ್ದವಾಗುತ್ತದೆ. ಎರಡು ಶಬ್ದಕ್ಕೆ ನಿಲ್ಲುತ್ತಿದ್ದ ಮಗು ನಾಲ್ಕು ಶಬ್ದ ಹೇಳಿದರೆ, ಅದು "ನೀರು ಬೇಕು" ಎನ್ನುವುದಕ್ಕೂ "ಅವ್ವಾ, ನನಗ ನೀರು ಬೇಕು" ಎನ್ನುವುದಕ್ಕೂ ಇರುವ ಅಂತರ.

ಎಷ್ಟು ಹೊತ್ತು? ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ನಿಮಿಷ. ನಡುನಡುವೆ ವಿಶ್ರಾಂತಿ ಇರಲಿ. ವಾರದಲ್ಲಿ ಒಂದು ದಿನ ಎರಡು ಗಂಟೆ ಮಾಡಿಸುವುದಕ್ಕಿಂತ ಇದು ಮೇಲು. ಬಿಟ್ಟರೆ ಉಸಿರಿನ ಸ್ನಾಯುವೂ ಉಳಿದ ಸ್ನಾಯುಗಳಂತೆಯೇ ಮತ್ತೆ ಸೊರಗುತ್ತದೆ.

ಫಲ ಎಷ್ಟು?

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಈ ಪ್ರಶ್ನೆ ಕೇಳಲೇಬೇಕು. ದಕ್ಷಿಣ ಕೊರಿಯಾದಲ್ಲಿ ಐವತ್ತು ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಎಂದಿನ ಚಿಕಿತ್ಸೆ ಇತ್ತು. ಒಂದು ಗುಂಪಿಗೆ ಮಾತ್ರ ಇನ್ಸೆಂಟಿವ್ ಸ್ಪೈರೋಮೀಟರಿನ ಅಭ್ಯಾಸವನ್ನು ಸೇರಿಸಿದರು. ನಾಲ್ಕು ವಾರಗಳ ನಂತರ ಆ ಗುಂಪಿನ ಮಕ್ಕಳ ಶ್ವಾಸಕೋಶದ ಸಾಮರ್ಥ್ಯದ ಅಳತೆಗಳೂ, ಒಂದೇ ಉಸಿರಿನಲ್ಲಿ ಧ್ವನಿ ಎಳೆಯುವ ಅವಧಿಯೂ ಹೆಚ್ಚಿದ್ದವು. ಬೇರೆ ದೇಶಗಳ ಅಧ್ಯಯನಗಳಲ್ಲೂ ಉಸಿರಿನ ಸ್ನಾಯುಗಳ ಬಲ ಹೆಚ್ಚಿದ್ದು ಕಂಡಿದೆ.

ಆದರೆ ಇವೆಲ್ಲ ಚಿಕ್ಕ ಅಧ್ಯಯನಗಳು, ಕೆಲವೇ ವಾರಗಳವು. ಬಹುಪಾಲು ಹೇಳಿದ್ದನ್ನು ಕೇಳಿ ಮಾಡಬಲ್ಲ ಮಕ್ಕಳ ಮೇಲೆ ನಡೆದವು. ಈ ಸ್ಥಿತಿಯ ಮಕ್ಕಳನ್ನು ಅವರ ಚಲನೆಯ ಸಾಮರ್ಥ್ಯ ನೋಡಿ ಐದು ಹಂತಗಳಲ್ಲಿ ಗುರುತಿಸುವ ಒಂದು ಕ್ರಮವನ್ನು 1997ರಲ್ಲಿ ಕೆನಡಾದ ತಜ್ಞರು ಪ್ರಕಟಿಸಿದರು. ಒಂದನೇ ಹಂತದ ಮಗು ನಡೆಯುತ್ತದೆ, ಓಡುತ್ತದೆ. ಐದನೇ ಹಂತದ ಮಗುವಿಗೆ ತಲೆ ನಿಲ್ಲಿಸುವುದೂ ಕಷ್ಟ. ಊದು, ಎಳೆ ಎನ್ನುವ ಆಟಗಳು ಹೆಚ್ಚಾಗಿ ಮೊದಲ ಹಂತಗಳ ಮಕ್ಕಳಿಗೆ ಒದಗುತ್ತವೆ. ಐದನೇ ಹಂತದ ಮಗುವಿನ ಎದೆಯನ್ನು ಕಾಯುವುದು ಭಂಗಿ, ಊಟದ ಎಚ್ಚರ, ಕಫ ತೆಗೆಸುವ ಚಿಕಿತ್ಸೆ. ವ್ಯಾಯಾಮದಿಂದ ಮೆದುಳಿನ ಪೆಟ್ಟು ಮಾಯುವುದಿಲ್ಲ. "ಪ್ರಾಣಾಯಾಮದಿಂದ ಪೂರ್ತಿ ಗುಣ" ಎಂದು ಹಣ ಕೇಳುವವರನ್ನು ನಂಬಬೇಡಿ. ಉಸಿರು ಬಿಗಿಹಿಡಿಯುವ ಕುಂಭಕ, ರಭಸದ ಕಪಾಲಭಾತಿ ಇಂಥವನ್ನು ಈ ಮಕ್ಕಳಿಗೆ ವೈದ್ಯರ ಸಲಹೆ ಇಲ್ಲದೆ ಮಾಡಿಸಲೇಬಾರದು.

ಎಚ್ಚರದ ಮಾತುಗಳು

ಊಟವಾದ ಕೂಡಲೆ ವ್ಯಾಯಾಮ ಬೇಡ, ಒಂದು ಗಂಟೆಯಾದರೂ ಕಳೆಯಲಿ. ಜ್ವರ, ಏದುಸಿರು ಇರುವ ದಿನ ಆಟ ಬಿಟ್ಟು ವೈದ್ಯರನ್ನು ಕಾಣಬೇಕು. ಈ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆಯೂ ಇರುತ್ತದೆ. ಬಿಡುವಿಲ್ಲದೆ ಜೋರಾಗಿ ಉಸಿರಾಡಿಸಿದರೆ ಕೆಲವರಿಗೆ ಅದು ಬರಬಹುದು. ತಲೆ ಸುತ್ತಿದರೆ, ಮಗು ಬೆವರಿದರೆ, ಕೂಡಲೇ ನಿಲ್ಲಿಸಿ.

ಊಟ ಮಾಡಿಸುವಾಗ ಮಗು ಕೂತಿರಬೇಕು. ಮಲಗಿಸಿ ಬಾಯಿಗೆ ಹಾಕುವುದು, ಅಳುವಾಗ ತುರುಕುವುದು ಅಪಾಯ. ಚಮಚೆ ಚಿಕ್ಕದಿರಲಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಿ. ತೆಳು ನೀರಿಗಿಂತ ಮಿದ್ದ ಗಟ್ಟಿ ನುಚ್ಚು ಹಲವು ಮಕ್ಕಳಿಗೆ ಸುಲಭ. ಉಂಡ ಮೇಲೆ ಅರ್ಧ ಗಂಟೆ ಕೂರಿಸಿಯೇ ಇಡಿ. ಪ್ರತಿ ಊಟದಲ್ಲೂ ಕೆಮ್ಮು, ಗಂಟಲಲ್ಲಿ ಗೊರಗೊರ ಇದ್ದರೆ ನುಂಗುವ ತೊಂದರೆಯನ್ನು ವೈದ್ಯರಿಗೆ ತಿಳಿಸಲೇಬೇಕು.

ಒಲೆಯ ಹೊಗೆ, ಬೀಡಿಯ ಹೊಗೆ, ರಾಶಿ ಮಾಡುವಾಗಿನ ದೂಳು ಇವುಗಳಿಂದ ಮಗುವಿನ ಹಾಸಿಗೆ ದೂರವಿರಲಿ. ನ್ಯುಮೊಕಾಕಲ್ ರೋಗಾಣುವಿನ ವಿರುದ್ಧದ ಲಸಿಕೆಯನ್ನು ಭಾರತ ಸರ್ಕಾರ 2017ರಿಂದ ಹಂತ ಹಂತವಾಗಿ ಉಚಿತ ಲಸಿಕೆಗಳ ಪಟ್ಟಿಗೆ ಸೇರಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ನಡೆಯಲಾರದ ಮಗು ಎಂದು ಲಸಿಕೆ ತಪ್ಪಿಸುವ ಮನೆಗಳುಂಟು. ಅಂಥ ಮಗುವಿಗೇ ಅದು ಹೆಚ್ಚು ಬೇಕು.

ಅಪಾಯದ ಚಿಹ್ನೆಗಳನ್ನು ನೀವೇ ಗುರುತಿಸಬಹುದು. ಗಡಿಯಾರ ಹಿಡಿದು, ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದೊಳಗಿನ ಮಗು ನಿಮಿಷಕ್ಕೆ 40 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ವೇಗದ ಉಸಿರು. ಉಸಿರು ಎಳೆದಾಗ ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಮಗು ಮಂಕಾಗಿ ಎಚ್ಚರ ತಪ್ಪುವಂತಿದ್ದರೆ, ಯಾವ ವಯಸ್ಸಿನ ಮಗುವಾದರೂ ತಡಮಾಡದೆ 108ಕ್ಕೆ ಕರೆ ಮಾಡಿ.

ನೆರವು ಎಲ್ಲಿದೆ, ನೀವೇನು ಮಾಡಬಹುದು?

ಯಮನೂರಿನಂಥ ಊರಿನಿಂದ ಹುಬ್ಬಳ್ಳಿಗೆ ಮಗುವನ್ನು ಹೊತ್ತು ಹೋಗಿ ಬರುವುದೆಂದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ವಾರಕ್ಕೆ ಮೂರು ದಿನ ಬನ್ನಿ ಎಂದರೆ ಯಾವ ಮನೆಗೂ ಆಗದ ಮಾತು. ಆದ್ದರಿಂದಲೇ ಮನೆಯಲ್ಲಿ ಮಾಡಿಸುವ ವ್ಯಾಯಾಮಕ್ಕೆ ಇಷ್ಟು ಬೆಲೆ. ಕಿಮ್ಸ್ ಎಂದೇ ಜನ ಕರೆಯುತ್ತ ಬಂದಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಬೇರೆ ಆಸ್ಪತ್ರೆಯಲ್ಲೋ ಒಮ್ಮೆ ತೋರಿಸಿ, ಕ್ರಮ ಕಲಿತು ಬಂದು, ತಿಂಗಳಿಗೋ ಎರಡು ತಿಂಗಳಿಗೋ ಮತ್ತೆ ತೋರಿಸಿದರೆ ನಡುವಿನ ದಿನಗಳು ವ್ಯರ್ಥವಾಗುವುದಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳಿಸುತ್ತವೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನಗಳ ಅರ್ಜಿಗೆ ನೆರವಾಗುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಶಿಕ್ಷಣ ಇಲಾಖೆಯಲ್ಲಿದೆ. ಇಷ್ಟೆಲ್ಲ ಇದೆ ಎಂಬುದೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಅಕ್ಷರ ಬಲ್ಲ ನೀವು ಅರ್ಜಿ ತುಂಬಿಕೊಟ್ಟರೂ ಅದು ಸೇವೆಯೇ.

ಆದರೆ ನಿಮ್ಮಿಂದ ಆಗಬೇಕಾದ ದೊಡ್ಡ ಕೆಲಸ ಅರ್ಜಿಯದಲ್ಲ. ತಾಯಿ ಹೊಲದಿಂದ ಬಂದು, ರೊಟ್ಟಿ ಬಡಿದು, ಮಗುವಿಗೆ ಉಣ್ಣಿಸಿ, ಆಮೇಲೆ ವ್ಯಾಯಾಮವನ್ನೂ ಮಾಡಿಸಬೇಕೆಂದರೆ ಅವಳಿಗೂ ಉಸಿರು ಬೇಕಲ್ಲವೇ? ಸಂಜೆ ಶಾಲೆಯಿಂದ ಬಂದ ಅಕ್ಕನೋ ಅಣ್ಣನೋ, ಪಕ್ಕದ ಮನೆಯ ಹುಡುಗನೋ ಹತ್ತು ನಿಮಿಷ ಕೊಟ್ಟರೆ ಆ ಹೊರೆ ಹಗುರಾಗುತ್ತದೆ. ಮಕ್ಕಳು ದೊಡ್ಡವರ ಮಾತಿಗಿಂತ ಮಕ್ಕಳ ಪೈಪೋಟಿಗೆ ಬೇಗ ಒಲಿಯುತ್ತಾರೆ. ನೀವು ಒಂದು ಗಿರಗಿಟ್ಲೆ ಹಿಡಿಯಿರಿ, ಮಗುವಿಗೆ ಒಂದು ಕೊಡಿ. ಯಾರದು ಹೆಚ್ಚು ಹೊತ್ತು ತಿರುಗುತ್ತದೆ ನೋಡಿ. ಆಗಾಗ ನೀವು ಸೋಲಿರಿ.

ಒಂದು ನೋಟುಪುಸ್ತಕವನ್ನೂ ಇಡಿ. ವಾರಕ್ಕೊಮ್ಮೆ, ಒಂದೇ ಭಂಗಿಯಲ್ಲಿ ಕೂರಿಸಿ, ಮೂರು ಅಳತೆ ಬರೆಯಿರಿ. ಒಂದೇ ಉಸಿರಿನಲ್ಲಿ "ಆ" ಎಷ್ಟು ಸೆಕೆಂಡು ನಡೆಯಿತು? ಅರಳೆ ಎಷ್ಟು ಸೆಂಟಿಮೀಟರ್ ಸರಿಯಿತು? ದರ್ಜಿಯ ಟೇಪಿನಲ್ಲಿ ಎದೆಯ ಸುತ್ತಳತೆ ಉಸಿರು ಬಿಟ್ಟಾಗ ಎಷ್ಟು, ಎಳೆದಾಗ ಎಷ್ಟು? ಆರೋಗ್ಯವಂತ ತರುಣರಲ್ಲಿ ಈ ಕೊನೆಯ ವ್ಯತ್ಯಾಸ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್ ಅಥವಾ ಹೆಚ್ಚು. ಈ ಮಗುವಿನಲ್ಲಿ ಒಂದೇ ಇರಬಹುದು. ಎರಡು ತಿಂಗಳಲ್ಲಿ ಅದು ಒಂದೂವರೆಯಾದರೆ ಹಿಗ್ಗಿ. ಆಗದಿದ್ದರೂ ಬೇಸರ ಬೇಡ, ಪುಸ್ತಕವನ್ನು ಮುಂದಿನ ಭೇಟಿಯಲ್ಲಿ ಭೌತಚಿಕಿತ್ಸಕರಿಗೆ ತೋರಿಸಿ. ಯಾವ ಆಟ ಬಿಡಬೇಕು, ಯಾವುದು ಹಿಡಿಯಬೇಕು ಎಂದು ಅವರು ಅದನ್ನು ನೋಡಿಯೇ ಹೇಳುತ್ತಾರೆ. ಈ ವಾರ ಒಂದು ಅಳತೆಯಿಂದಲೇ ಆರಂಭಿಸಿ.